ಅಂಪೈರಿಗೆಲ್ಲಿಯ ಗುಡ್ಡೆ?

ಜಗತ್ತಿನ ಕ್ರಿಕೆಟ್ಟನ್ನು ಲಂಡನ್ನಿನಲ್ಲಿ ಕೂತ ದೊರೆಗಳು ನಡೆಸುತ್ತಾರೆಂದು ನೀವು ತಿಳಿದಿದ್ದರೆ ಅದು ನಿಮ್ಮ ತಪ್ಪಲ್ಲ. ಪತ್ರಿಕೆಯವರು ಹಾಗೆ ಬರೆಯುತ್ತಿದ್ದರು. ಸಾವಿರದ ಒಂಬೈನೂರ ನಲವತ್ತಾರನೆಯ ಇಸವಿಯಲ್ಲಿ ಅದನ್ನು ನಿಜವಾಗಿ ನಡೆಸುತ್ತಿದ್ದವನು ಯಲಿಯೂರಿನ ಜವರಯ್ಯ. ನಡೆಸುತ್ತಿದ್ದುದು ಯಲಿಯೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು, ಬೆಳಗಿನ ರೈಲು ಬರುವ ತನಕ. ರೈಲು ಬಂತೆಂದರೆ ಸಂಜೆಯವರೆಗೆ ಕ್ರಿಕೆಟ್ಟಿಗೆ ಹೇಳುವವರಿಲ್ಲ, ಕೇಳುವವರಿಲ್ಲ. ಯಾಕೆಂದರೆ ಜವರಯ್ಯ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೋಗಿ ಕಬ್ಬಿನ ಗಾಡಿಗಳ ತೂಕ ಬರೆದುಕೊಳ್ಳುವ ಗುಮಾಸ್ತಿಕೆ ಮಾಡಬೇಕಾಗಿತ್ತು. (ಹೊಟ್ಟೆಪಾಡು ಯಾರನ್ನು ಬಿಟ್ಟಿದೆ ಹೇಳಿ.)

ಜವರಯ್ಯ ಬ್ಯಾಟು ಹಿಡಿದವನಲ್ಲ, ಚೆಂಡು ಮುಟ್ಟಿದವನೂ ಅಲ್ಲ. ಜೀವಮಾನದಲ್ಲಿ ನೋಡಿದ್ದು ಒಂದೇ ಒಂದು ಮ್ಯಾಚು, ಬೆಂಗಳೂರಿನಲ್ಲಿ, ಅದೂ ಒಂದು ದಪ್ಪ ಮರದ ಹಿಂದೆ ನಿಂತು. ಆ ಜಾಗದಿಂದ ಅವನಿಗೆ ಚೆನ್ನಾಗಿ ಕಂಡದ್ದು ಅಂಪೈರ್ ಒಬ್ಬನೇ. ಬಿಳಿ ಕೋಟು, ಬಿಳಿ ಟೋಪಿ, ಓಟವಿಲ್ಲ, ಬೆವರಿಲ್ಲ. ಉಳಿದವರೆಲ್ಲ ಬಿಸಿಲಲ್ಲಿ ಓಡಿ ಓಡಿ ನಾಲಿಗೆ ಹೊರಗೆ ಹಾಕುತ್ತಿದ್ದರೆ, ಈ ಮಹಾನುಭಾವ ಸುಮ್ಮನೆ ಒಂದು ಬೆರಳು ಎತ್ತಿದ. ಅಷ್ಟಕ್ಕೇ ಆನೆಯಂಥ ಆಟಗಾರ ತಲೆ ಬಗ್ಗಿಸಿಕೊಂಡು ಮನೆ ಕಡೆ ನಡೆದುಬಿಟ್ಟ! ಜವರಯ್ಯನ ಮೈ ಜುಮ್ಮೆಂದಿತು. ಅವನ ಮನೆಯಲ್ಲಿ ಅವನು ಎರಡು ಕೈ ಎತ್ತಿ ಗದರಿಸಿದರೂ ಬೆಕ್ಕು ಕೂಡ ಜಾಗ ಬಿಟ್ಟು ಏಳುತ್ತಿರಲಿಲ್ಲ.

ಆ ವರ್ಷ ಯುದ್ಧ ಮುಗಿದು ನಮ್ಮ ತಂಡ ಇಂಗ್ಲೆಂಡಿಗೆ ಹೊರಟು ನಿಂತಿತ್ತು. ಬೆಂಗಳೂರು ಕಡೆಯಿಂದ ರೈಲಿನಲ್ಲಿ ಬರುವ ಯಾರಾದರೂ ಪುಣ್ಯಾತ್ಮರು ಮದ್ದೂರಿನಲ್ಲಿ ವಡೆ ಕಟ್ಟಿಸಿಕೊಂಡು ತಿಂದು ಎಸೆದ ಕಾಗದವೇ ಜವರಯ್ಯನ ಪತ್ರಿಕೆ. ಅರ್ಧ ಸುದ್ದಿಯನ್ನು ಎಣ್ಣೆ ಕುಡಿದಿರುತ್ತಿತ್ತು. ಉಳಿದರ್ಧವನ್ನು ಜವರಯ್ಯ ತನ್ನ ಅಭಿಪ್ರಾಯದಿಂದ ತುಂಬಿಕೊಳ್ಳುತ್ತಿದ್ದ. ಕೇಳುವವನು ರೇವಣ್ಣ, ವೀಳ್ಯದೆಲೆ ಬುಟ್ಟಿ ಹೊತ್ತು ಜವರಯ್ಯ ಹತ್ತುವ ರೈಲಿಗೇ ಮಂಡ್ಯದ ಮಾರ್ಕೆಟ್ಟಿಗೆ ಹೋಗುವವನು. ಬುಟ್ಟಿ ಬಿಟ್ಟು ಓಡುವಂತಿರಲಿಲ್ಲ, ಪಾಪ.

"ನೋಡ್ಲಾ ರೇವಣ್ಣ, ಕ್ಯಾಪ್ಟನ್ ಯಾರು? ನವಾಬ್ರು! ಇಂದ್ಲ ಸಲ ಓದಾಗ ರಾಜ್‌ಕುಮಾರ್ರು! ಅರಮನೆ ಇಲ್ದಿರೋನ್ಗೆ ಟಾಸ್ ಆಕಾಕ್ ಬರಾಕಿಲ್ವಾ?"

"ನವಾಬ್ರು ಚೆಂದಾಗ್ ಆಡ್ತಾರೆ ಅಂತ ಮೊನ್ನೆ ನೀನೇ ಅಂದೆ ಕಣಣ್ಣ."

"ಆಡ್ತಾರೆ. ಅದು ಬ್ಯಾರೆ ಇಚಾರ. ತತ್ವ ಅಂತ ಒಂದದೆ." ಜವರಯ್ಯ ಎರಡನೇ ಬೆರಳು ಮಡಿಚಿದ. "ಆಮೇಕೆ ಇದ್ ಕೇಳು. ಆಸ್ಟ್ರೇಲಿಯಾದವ್ರು ಓದ್ರೆ ಜಾಸ್ತಿ ದಿನ ಮ್ಯಾಚು, ನಾವ್ ಓದ್ರೆ ಮೂರೇ ದಿನ. ನಾವೇನ್ ಬೀಗ್ರಾ, ಮೂರ್ ದಿನ ಉಂಡು ಎದ್ದೋಗಾಕೆ? ಇನ್ನ ಅಂಪೈರು! ಆಟ ಅವ್ರೂರ್ನಲ್ಲಿ, ಅಂಪೈರೂ ಅವ್ರೂರವ್ನೇ. ಕಾಯ್ದೆ ಬರ್ಯೋರೂ ಅವ್ರೇ. ಇದ್ಯಾವ ನ್ಯಾಯ? ಅಂಪೈರ್ ಅನ್ನೋನ್ಗೆ ಆಟದಲ್ಲಿ ಕೂದ್ಲಷ್ಟೂ ಪಾಲಿರ್ಬಾರ್ದು. ಗೆದ್ರೂ ಅವ್ನ್ಗೇನಿಲ್ಲ, ಸೋತ್ರೂ ಅವ್ನ್ಗೇನಿಲ್ಲ, ಅಂಗಿರ್ಬೇಕು."

ರೇವಣ್ಣ ಎಲೆಯ ಮೇಲೆ ನೀರು ಚಿಮುಕಿಸುತ್ತ ಯೋಚಿಸಿದ. "ಏನೂ ಇಲ್ದಿದ್ ಮೇಲೆ ಅವ್ನ್ಯಾಕಣ್ಣ ಬಿಸ್ಲಲ್ ನಿಂತ್ಕತಾನೆ?"

ಜವರಯ್ಯ ಉತ್ತರ ಹುಡುಕುತ್ತ ಎಣ್ಣೆ ಕಾಗದವನ್ನು ತಿರುಗಿಸಿ ನೋಡಿದ. ಅಷ್ಟರಲ್ಲಿ ದೇವರು ದೊಡ್ಡವನು, ರೈಲು ಬಂತು.

ಹೀಗೆ ಜಗತ್ತನ್ನು ತಿದ್ದುತ್ತಿದ್ದ ಜವರಯ್ಯನಿಗೆ ಮನೆಯಲ್ಲಿ ಒಂದು ಹಳೆಯ ಔಟು ಬಾಕಿ ಇತ್ತು. ಮಾಘಮಾಸದಲ್ಲಿ ಮಗಳು ಪಟ್ಟಲಮ್ಮನನ್ನು ಮಳವಳ್ಳಿ ಕಡೆಯ ಬಂಡೂರಿಗೆ ಕೊಟ್ಟಿದ್ದ. ಬಂಡೂರು ಅಂದರೆ ಕುರಿ, ಕುರಿ ಅಂದರೆ ಬಂಡೂರು. ಅಲ್ಲಿಯವರಿಗೆ ಬಾಡೂಟ ಬಡಿಸುವುದೆಂದರೆ ಕಮ್ಮಾರನ ಬೀದಿಯಲ್ಲಿ ಸೂಜಿ ಮಾರಿದ ಹಾಗೆ. ಅದರಲ್ಲೂ ಜವರಯ್ಯನ ಬೀಗ ಹುಚ್ಚೀರಯ್ಯ ಒಂದು ತುಂಡು ಬಾಯಿಗಿಟ್ಟುಕೊಂಡರೆ, ಆ ಕುರಿ ಯಾವ ಹೊಲದ ಬದುವಿನಲ್ಲಿ ಮೇದಿತ್ತು ಅಂತ ಹೇಳುವ ಆಸಾಮಿ. ಮದುವೆಯಾದ ಮೇಲಿನ ಬೀಗರೂಟದಲ್ಲಿ ಪಂಕ್ತಿ ನೋಡಿಕೊಳ್ಳಬೇಕಾದ ಜವರಯ್ಯ, ಯಾರೋ ಮೇಷ್ಟ್ರು ಸಿಕ್ಕರೆಂದು ಚಪ್ಪರದ ಹೊರಗೆ ನಿಂತು ನವಾಬರ ವಿಷಯ ವಿವರಿಸುತ್ತಿದ್ದ. ವಿವರಣೆ ಮುಗಿಸಿ ಒಳಗೆ ಬರುವಷ್ಟರಲ್ಲಿ ಬಾಡು ಖಾಲಿ. ಬೀಗರ ಎಲೆಗೆ ಬಿದ್ದದ್ದು ಒಂದು ಕತ್ತಿನ ಮೂಳೆ, ಎರಡು ಸೌಟು ಎಸರು. ಹುಚ್ಚೀರಯ್ಯ ಕೂಗಾಡಲಿಲ್ಲ. ಮೂಳೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಎಸ್ರು ಚೆಂದಾಗದೆ ಬೀಗ್ರೇ" ಎಂದು ಎದ್ದು ಕೈ ತೊಳೆದ. ಅಷ್ಟೇ ಅಂದದ್ದು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅಂದಿನಿಂದ ಬಂಡೂರಿನಲ್ಲಿ ಪಟ್ಟಲಮ್ಮನಿಗೆ 'ಮೂಳೆ ಎಸರಿನ ಮನೆಯವಳು' ಎಂದು ಹೆಸರು ಬಿದ್ದಿದೆ ಅನ್ನುವ ಸುದ್ದಿ ಬಂದ ದಿನ ಜವರಯ್ಯನ ಹೆಂಡತಿ ದೇವಿರಮ್ಮ ಮೂರು ಹೊತ್ತು ಅತ್ತಿದ್ದಳು. ಅತ್ತು ಮುಗಿದ ಮೇಲೆ ಗಂಡನನ್ನು ಕೂರಿಸಿಕೊಂಡಳು.

"ಪಟ್ಟಲಮ್ಮನ ಅಪ್ಪಾ, ಇಲ್ ಕೇಳಿ. ಯುಗಾದಿ ಒಸ್ತೊಡ್ಕಿಗೆ ಬೀಗ್ರನ್ನ, ಅಳಿಯಂದ್ರನ್ನ, ಮಗ್ಳನ್ನ ಬನ್ನಿ ಅಂತ ಏಳ್ಕಳ್ಸಿವ್ನಿ."

"ಬರ್ಲಿ ಬುಡು. ಮೂರ್ ದಿನ ಇದ್ದು ಓಗ್ಲಿ."

"ಬರ್ಲಿ ಬುಡು ಅಂತೆ! ಮಗ್ಳು ಬಾಳ್ವೆ ಮಾಡ್ಬೇಕೋ ಬ್ಯಾಡ್ವೋ? ಈ ಸಲ ಬೀಗ್ರ ತಣಿಗೇಲಿ ಮೂಳೆ ಕಾಣ್ಕೂಡ್ದು, ಮುದ್ದೆ ಕಾಣ್ಕೂಡ್ದು, ಬರೀ ಬಾಡು ಕಾಣ್ಬೇಕು. ತಿಳೀತಾ?"

"ತಿಳೀತು ಕಣಮ್ಮಿ. ಇದ್ರಾಗೇನದೆ? ನಮ್ ಪಾಲಿನ್ ಬಾಡಿನ್ ಗುಡ್ಡೆ ಬತ್ತದಲ್ಲ."

"ನೀವು ನಿಮ್ ಪಾಲಿನ್ ಗುಡ್ಡೆ ಬಾಯ್ ಮುಚ್ಕಂಡು ತಕಬನ್ನಿ ಸಾಕು. ಮಿಕ್ಕಿದ್ ನಾ ನೋಡ್ಕತೀನಿ."

"ಮಿಕ್ಕಿದ್ದು ಅಂದ್ರೆ ಏನಮ್ಮಿ?"

"ಅದ್ ಎಂಗುಸ್ರ ಇಚಾರ. ಬಾಯ್ ಮುಚ್ಕಂಡು ಅಂದೆ, ಕೇಳುಸ್ತಾ?"

ಯುಗಾದಿಯ ಮಾರನೆಯ ದಿನ ನಮ್ಮ ಕಡೆ ಹೊಸತೊಡಕು. ಹಿಂದಿನ ದಿನದ ಬೇವುಬೆಲ್ಲ, ಒಬ್ಬಟ್ಟಿಗೆಲ್ಲ ಅವತ್ತು ಬಾಡಿನಿಂದ ಪ್ರಾಯಶ್ಚಿತ್ತ. ಹತ್ತಾರು ಮನೆ ಸೇರಿ ಒಂದು ಟಗರು ತಂದು, ಬೆಳಗ್ಗೆ ತೋಪಿನಲ್ಲಿ ಕಡಿದು, ಹಾಸಿದ ತೆಂಗಿನ ಗರಿಯ ಮೇಲೆ ಮನೆಗೊಂದರಂತೆ ಸಮನಾಗಿ ಗುಡ್ಡೆ ಹಾಕುತ್ತಾರೆ. ಪ್ರತಿ ಗುಡ್ಡೆಯಲ್ಲೂ ತೊಡೆ, ಪಕ್ಕೆ, ಈಲಿ ಅನ್ನುವ ಯಕೃತ್ತು, ಬೋಟಿ ಅನ್ನುವ ಕರುಳು ಎಲ್ಲದರ ಚೂರು ಇರಬೇಕು. ಒಬ್ಬ ಬೆನ್ನು ತಿರುಗಿಸಿ ನಿಲ್ಲುತ್ತಾನೆ. ಇನ್ನೊಬ್ಬ ಒಂದೊಂದು ಗುಡ್ಡೆ ತೋರಿಸಿ "ಇದ್ ಯಾರ್ದು?" ಅಂತ ಕೇಳುತ್ತಾನೆ. ನೋಡದೆ ಯಾರ ಹೆಸರು ಹೇಳಿದರೆ ಅದು ಅವರದ್ದು.

ಯಲಿಯೂರಿನ ಆ ಕೂಟದಲ್ಲಿ ಗುಡ್ಡೆ ಹಾಕುತ್ತಿದ್ದವನು ಬೋರಯ್ಯ. ಅವನಿಗೆ ಮುಂಚೆ ಅವನಪ್ಪ. ಎಲ್ಲ ಮನೆಗೂ ಒಂದೊಂದು ಗುಡ್ಡೆ. ಬೋರಯ್ಯನ ಮನೆಗೆ ಮಾತ್ರ ಎರಡು. ಒಂದು ಅವನ ಹೆಸರಲ್ಲಿ, ಇನ್ನೊಂದು ಹೆಂಡತಿ ಅಂಕಮ್ಮನ ಹೆಸರಲ್ಲಿ. ಯಾಕೆ ಅಂತ ಯಾವ ಗಂಡಸೂ ಕೇಳಿರಲಿಲ್ಲ. ಹಿಂದಿನಿಂದ ಬಂದದ್ದು, ನಡೆದುಕೊಂಡು ಹೋಗುತ್ತಿತ್ತು.

ಯುಗಾದಿಯ ಸಂಜೆ ಚಂದ್ರನನ್ನು ನೋಡಲು ಜನ ಅರಳಿಕಟ್ಟೆಯ ಹತ್ತಿರ ಸೇರಿದ್ದರು. ಪಕ್ಕದ ಗೂಟದಲ್ಲಿ ಬಂಡೂರಿನ ಟಗರು ನಾಳೆಯ ಚಿಂತೆಯಿಲ್ಲದೆ ಮೆಲುಕು ಹಾಕುತ್ತಿತ್ತು. ಅವತ್ತು ಹುಟ್ಟಿದ ಸಂವತ್ಸರದ ಹೆಸರು ವ್ಯಯ. ಪಂಚಾಂಗ ಓದಿದ ಅಯ್ನೋರು ಬೆಳಗ್ಗೆಯೇ ಹೇಳಿದ್ದರು, ಮಾತಿನಿಂದ ನಷ್ಟ ಅಂತ. ಜವರಯ್ಯ ಅದು ವೈಸರಾಯರಿಗೆ ಹೇಳಿದ್ದೆಂದು ತಿಳಿದಿದ್ದ.

"ಬೋರಣ್ಣ, ನಾಳೆ ಗುಡ್ಡೆ ಯಾರ್ ಆಕ್ತಾರೆ?" ಎಂದ ಜವರಯ್ಯ.

"ಯಾರ್ ಆಕ್ತಾರ್ಲಾ? ನಮ್ಮಪ್ಪ ಆಕ್ತಿದ್ದ. ನಾನ್ ಆಕ್ತೀನಿ."

"ಅಲ್ಲೇ ಇರೋದು ತಪ್ಪು! ಅಪ್ಪಾನೂ ನವಾಬ, ಮಗಾನೂ ನವಾಬ!"

ಬೋರಯ್ಯ ತನ್ನ ಹರಕು ಅಂಗಿಯನ್ನೊಮ್ಮೆ ನೋಡಿಕೊಂಡ. ಜವರಯ್ಯ ಆಗಲೇ ಕಟ್ಟೆಯ ಮೇಲೆ ಹತ್ತಿ ನಿಂತಿದ್ದ. ಒಂದು ಸಲ ಹತ್ತಿದ ಮೇಲೆ ಅವನನ್ನು ಇಳಿಸಲು ರೈಲೇ ಬರಬೇಕು. ಸಂಜೆ ಆ ಹೊತ್ತಿಗೆ ಯಾವ ರೈಲೂ ಇರಲಿಲ್ಲ.

"ಎಲ್ಲಾರ್ಗೂ ಒಂದ್ ಗುಡ್ಡೆ, ಬೋರಣ್ಣನ್ ಮನೇಗ್ ಎಲ್ಡು! ಯಾಕೆ? ಲಂಡನ್ನಲ್ಲೂ ಇಂಗೇ ಕಣ್ರಪ್ಪಾ ನಡೀತಿರೋದು. ಕಾಯ್ದೆ ಬರ್ಯೋರೂ ಅವ್ರೇ, ಆಡೋರೂ ಅವ್ರೇ, ಔಟ್ ಕೊಡೋರೂ ಅವ್ರೇ. ಇಲ್ಲಿ ಗುಡ್ಡೆ ಆಕೋನೂ ಬೋರಣ್ಣ, ಎತ್ಕಂಡ್ ಓಗೋನೂ ಬೋರಣ್ಣ. ಗುಡ್ಡೆ ಆಕೋನು ಅಂದ್ರೆ ಅಂಪೈರು. ಅಂಪೈರ್‌ಗೆ ಆಟದಲ್ಲಿ ಪಾಲಿರ್ಬಾರ್ದು!"

ಲಂಡನ್ನಿಗೂ ಬೋರಯ್ಯನ ಮನೆಗೂ ಏನು ಸಂಬಂಧ ಅಂತ ಯಾರಿಗೂ ಪೂರ್ತಿ ತಿಳಿಯಲಿಲ್ಲ. ಆದರೆ ಎರಡನೇ ಗುಡ್ಡೆಯ ಮಾತು ಎಲ್ಲರಿಗೂ ತಿಳಿಯಿತು. ಜನ ಗುಜುಗುಜು ಎಂದರು.

"ಆ ಎಲ್ಡನೇ ಗುಡ್ಡೆ ನಂದಲ್ಲ ಕಣ್ಲಾ ಜವರ," ಎಂದ ಬೋರಯ್ಯ ಮೆತ್ತಗೆ.

"ಮತ್ಯಾರ್ದು? ಎಸ್ರೇಳು ನೋಡಾನ."

ಬೋರಯ್ಯ ಸುತ್ತಲಿದ್ದ ಮುಖಗಳನ್ನೆಲ್ಲ ಒಮ್ಮೆ ನೋಡಿದ. "ಅದ್ ನಾಕ್ ಜನದ್ ಮುಂದೆ ಏಳೋದಲ್ಲ."

"ನೋಡುದ್ರಾ! ಲಂಡನ್ನವ್ರೂ ಇಂಗೇ ಅನ್ನೋದು!"

ರೇವಣ್ಣ ಜನರ ಮಧ್ಯದಿಂದ ಕೂಗಿದ: "ಅಂಗಾರೆ ಜವರಣ್ಣಾನೇ ಅಂಪೈರಾಗ್ಲಿ!" ಕಟ್ಟೆಯೆಲ್ಲ ಹೋ ಅಂದಿತು. ಬೋರಯ್ಯ ಮೀಸೆ ಸವರಿಕೊಂಡು, "ಆಗ್ಲಿ ಬುಡಪ್ಪಾ, ನಾಳೀಕೆ ನೀನೇ ಆಕು. ನಂಗೂ ಸೊಂಟ ನೋವು," ಎಂದ. ಅಷ್ಟು ಸುಲಭವಾಗಿ ಸಾಮ್ರಾಜ್ಯ ಕೈಗೆ ಬಂದದ್ದು ಕಂಡು ಜವರಯ್ಯ ರೈಲು ಬಾರದೆಯೂ ಕಟ್ಟೆಯಿಂದ ಇಳಿದ. ಅವತ್ತು ಚಂದ್ರನನ್ನು ನೋಡುವುದನ್ನೂ ಮರೆತ.

ಮನೆಗೆ ಬಂದು ಸಂಗತಿ ಹೇಳಿದರೆ ದೇವಿರಮ್ಮ ಕೂಗಾಡಲಿಲ್ಲ. ಸೆರಗು ಸರಿ ಮಾಡಿಕೊಂಡು, "ಅಂಕಕ್ಕನ್ ಮನೇಗ್ ಒಬ್ಬಟ್ಟು ಕೊಟ್ಟು ಬತ್ತೀನಿ" ಎಂದು ಹೊರಟೇಹೋದಳು. ಹೆಂಡತಿಗೂ ನನ್ನ ಮೇಲೆ ಗೌರವ ಹುಟ್ಟಿದೆ ಎಂದುಕೊಂಡ ಜವರಯ್ಯ. (ಮದುವೆಯಾಗಿ ಅಷ್ಟು ವರ್ಷವಾಗಿದ್ದರೂ ಹಾಗೆಂದುಕೊಂಡ. ಅಂಪೈರಿನ ಮುಗ್ಧತೆ!)

ಬೆಳಗಾಯಿತು. ಜವರಯ್ಯ ತನ್ನ ಮದುವೆಗೆ ಮಾವನ ಮನೆಯವರು ಹೊಲಿಸಿಕೊಟ್ಟ ಬಿಳಿ ಕೋಟನ್ನು ಪೆಟ್ಟಿಗೆಯಿಂದ ತೆಗೆದ. ಗುಂಡಿಗಳು ಹೊಟ್ಟೆಯ ಆ ಕಡೆ, ಕಾಜಗಳು ಈ ಕಡೆ. ನಡುವೆ ಎರಡು ಗೇಣು ವ್ಯತ್ಯಾಸ. ಆದರೂ ಬಿಳಿ ಬಿಳಿಯೇ. ತಲೆಗೆ ಬಿಳಿ ವಲ್ಲಿ ಸುತ್ತಿ, ದೇವರು ಮುತ್ತತ್ತಿರಾಯನನ್ನು ನೆನೆದು ತೋಪಿಗೆ ನಡೆದ. ರೇವಣ್ಣ ಆಗಲೇ ಗರಿಗಳನ್ನು ಸಾಲಾಗಿ ಹಾಸಿದ್ದ. ಬಾಡನ್ನೂ ಕಡಿದು ರಾಶಿ ಹಾಕಿದ್ದರು.

ಮುಂದೆ ನಡೆದದ್ದನ್ನು ಗುಡ್ಡೆ ಹಾಕುವುದು ಅನ್ನಬಾರದು. ಅದು ಟೆಸ್ಟ್ ಮ್ಯಾಚು. ಜವರಯ್ಯ ಒಂದು ಈಲಿ ಚೂರನ್ನು ಎತ್ತಿ ಬಿಸಿಲಿಗೆ ಹಿಡಿದು ನೋಡಿದ. ಒಂದು ಗುಡ್ಡೆಗಿಟ್ಟ. ನಾಲ್ಕು ಹೆಜ್ಜೆ ಹಿಂದೆ ಸರಿದು ಒಂದು ಕಣ್ಣು ಮುಚ್ಚಿ ನೋಡಿದ. ವಾಪಸು ತೆಗೆದು ಇನ್ನೊಂದಕ್ಕಿಟ್ಟ. ಯಾರಾದರೂ "ಆ ಗುಡ್ಡೇಲಿ ಪಕ್ಕೆ ಕಮ್ಮಿ ಅದೆ ಜವರಣ್ಣ" ಅಂದರೆ ಎರಡು ಕೈ ಆಡಿಸಿ "ನಾಟೌಟ್" ಅನ್ನುತ್ತಿದ್ದ. ಕಾಗೆಗಳು ಮರದ ತುಂಬ ಸೇರಿ ತಮ್ಮ ಅಭಿಪ್ರಾಯ ಕೂಗಿ ಹೇಳುತ್ತಿದ್ದವು. ನಾಯಿಗಳು ಶಿಸ್ತಾಗಿ ಸುತ್ತ ಕೂತು ಕ್ಯಾಚಿಗೆ ಕಾಯುತ್ತಿದ್ದವು. ಬಿಸಿಲೇರಿತು. ಮನೆಮನೆಯಿಂದ ಖಾರ ಅರೆದು ಕಾದಿದ್ದ ಹೆಂಗಸರು ಮಕ್ಕಳ ಕೈಲಿ ಹೇಳಿಕಳಿಸಿದರು, ಟಗರು ಇನ್ನೂ ಬದುಕಿದೆಯಾ ಅಂತ.

ಕೊನೆಗೂ ಗುಡ್ಡೆಗಳು ಸಜ್ಜಾದವು. ಸುಳ್ಳು ಹೇಳಬಾರದು, ಅಷ್ಟು ಸಮನಾದ ಗುಡ್ಡೆಗಳನ್ನು ಯಲಿಯೂರು ಕಂಡಿರಲಿಲ್ಲ. ಬೋರಯ್ಯ ಬೆನ್ನು ತಿರುಗಿಸಿ ನಿಂತ. ರೇವಣ್ಣ ಕೋಲು ಹಿಡಿದು ತೋರಿಸುತ್ತ ಹೋದ.

"ಇದ್ ಯಾರ್ದು?"

"ಲಿಂಗಯ್ಯಂದು."

"ಇದು?"

"ಪುಟ್ಟಮಾದಮ್ಮಂದು."

"ಇದು?"

"ನಂದು, ಬೋರಯ್ಯಂದು."

ಹೆಸರುಗಳು ಮುಗಿಯುತ್ತ ಬಂದವು. ಜವರಯ್ಯನ ಕಿವಿ ಅಂಕಮ್ಮನ ಹೆಸರೊಂದಕ್ಕೇ ಕಾದಿತ್ತು. ಕೊನೆಯ ಗರಿಯ ಮುಂದೆ ರೇವಣ್ಣ ನಿಂತು, "ಇದು?" ಎಂದ.

"ಅಂಕಮ್ಮಂದು," ಎಂದ ಬೋರಯ್ಯ.

ಜವರಯ್ಯ ಆಕಾಶದ ಎತ್ತರಕ್ಕೆ ಬೆರಳೆತ್ತಿದ. ಜೀವಮಾನವೆಲ್ಲ ಅವನು ಕಾದಿದ್ದ ಗಳಿಗೆ ಅದು.

"ಔಟ್! ನೋಡ್ರಪ್ಪಾ, ನನ್ ಕಣ್ಣೆದ್ರಿಗೇ ಎಲ್ಡನೇ ಗುಡ್ಡೆ! ಇದೇ ಲಂಡನ್ ಬುದ್ಧಿ!"

ಬೋರಯ್ಯ ಗಾಬರಿಯಿಂದ ತಿರುಗಿದ. "ಬ್ಯಾಡ ಕಣ್ಲಾ ಜವರ. ಅದೊಂದ್ ಗುಡ್ಡೆ ಮುಟ್ಬ್ಯಾಡ. ನಿನ್ ಒಳ್ಳೇದಕ್ ಏಳ್ತಾವ್ನಿ."

"ಅಂಪೈರ್ ಮಾತೇ ಕಡೇ ಮಾತು!"

"ಲೋ, ನನ್ ಮಾತ್ ಕೇಳ್ಲಾ ಮಗ. ಆಮೇಕೆ ಏಳ್ತೀನಿ, ಈಗ ಸುಮ್ಕಿರು."

"ಸುಮ್ಕಿದ್ದೂ ಸುಮ್ಕಿದ್ದೂ ದೇಸ ಇಂಗಾಗಿರೋದು!" ಎಂದು ಜವರಯ್ಯ ಆ ಗುಡ್ಡೆಯನ್ನು ಎರಡು ಕೈಲೂ ಬಾಚಿದ. ತೊಡೆಯ ತುಂಡು ಲಿಂಗಯ್ಯನಿಗೆ. ಈಲಿ ಪುಟ್ಟಮಾದಮ್ಮನಿಗೆ. ಪಕ್ಕೆ ರೇವಣ್ಣನಿಗೆ. ಹೀಗೆ ಚೂರು ಚೂರನ್ನೂ ಊರಿಗೆಲ್ಲ ಹಂಚಿ, ಖಾಲಿ ಗರಿಯನ್ನು ಎತ್ತಿ ಕೊಡವಿ ತೋರಿಸಿದ. ಜನ "ನ್ಯಾಯ ಅಂದ್ರೆ ಇದು!" ಎಂದು ಹೊಗಳುತ್ತ, ಅಂಪೈರ್ ಮನಸ್ಸು ಬದಲಾಯಿಸುವ ಮುಂಚೆ ತಮ್ಮ ತಮ್ಮ ಗುಡ್ಡೆ ಕಟ್ಟಿಕೊಂಡು ಮನೆ ಕಡೆ ಓಟ ಕಿತ್ತರು.

ಜವರಯ್ಯ ಹಣೆಯ ಬೆವರು ಒರೆಸಿಕೊಂಡು ತನ್ನ ಗುಡ್ಡೆ ಎತ್ತಿಕೊಳ್ಳಲು ಬಗ್ಗಿದ. ಅಲ್ಲಿ ಒಂದು ನಾಯಿ ನೆಲ ನೆಕ್ಕುತ್ತಿತ್ತು. ಈ ಕಡೆ ನೋಡಿದ. ಇನ್ನೊಂದು ನಾಯಿ.

"ರೇವಣ್ಣ, ನನ್ ಗುಡ್ಡೆ ಎಲ್ಲಾ?"

"ಯಾವ್ ಗುಡ್ಡೆ?" ರೇವಣ್ಣನ ಮುಖದಲ್ಲಿ ಅಪ್ಪಟ ಆಶ್ಚರ್ಯ. "ನೀನ್ ಅಂಪೈರಲ್ವಾ ಜವರಣ್ಣ? ಆಟದಲ್ಲಿ ಕೂದ್ಲಷ್ಟೂ ಪಾಲಿರ್ಬಾರ್ದು ಅಂತ ನೀನೇ ಬೆಂಚಿನ್ ಮ್ಯಾಲೆ ಅಂದೆ, ಕಟ್ಟೆ ಮ್ಯಾಲೂ ಅಂದೆ. ನಿಂದೊಂದ್ ಬುಟ್ಟು ಗರಿ ಆಸ್ದೆ. ಅಂಪೈರ್‌ಗೆಲ್ಲಾದ್ರೂ ಬ್ಯಾಟಿಂಗ್ ಕೊಡ್ತಾರಾ?"

"ಅದು ಲಂಡನ್ ಇಚಾರ ಕಣ್ಲಾ!"

"ತತ್ವ ಅಂತ ಒಂದದೆ ಅಲ್ವಾ? ನೀ ಕೊಟ್ಟಿದ್ ದುಡ್ಡು ಬರೋ ವರ್ಸಕ್ಕೆ ಜಮಾ ಇರ್ಲಿ. ಅಂಗಂತ ನಾವೇನು ಮರ್ಯಾದೆ ಗೊತ್ತಿಲ್ದಿರೋರಲ್ಲ." ರೇವಣ್ಣ ತನ್ನ ಬುಟ್ಟಿಯಿಂದ ಎಳೆಯ ವೀಳ್ಯದೆಲೆ, ಅಡಿಕೆ, ಒಂದು ತೆಂಗಿನಕಾಯಿ ತೆಗೆದು ಜವರಯ್ಯನ ಎರಡು ಕೈಯಲ್ಲಿಟ್ಟು ನಮಸ್ಕಾರ ಮಾಡಿದ.

ಬಿಳಿ ಕೋಟಿನ ಜವರಯ್ಯ ತಾಂಬೂಲ ಹಿಡಿದು ಮನೆಗೆ ಬರುವ ಹೊತ್ತಿಗೆ ಬಂಡೂರಿನ ಗಾಡಿ ಬಾಗಿಲಲ್ಲಿ ನಿಂತಿತ್ತು. ಎತ್ತುಗಳು ಹುಲ್ಲು ತಿನ್ನುತ್ತಿದ್ದವು. ಜಗುಲಿಯ ಮೇಲೆ ಹುಚ್ಚೀರಯ್ಯ, ಅಳಿಯ, ಮಗಳು. ಒಳಗಿನಿಂದ ಹುರಿದ ಖಾರದ ಘಮಲು. "ಬಂದ್ರಾ ಬೀಗ್ರೇ?" ಎಂದು ಹುಚ್ಚೀರಯ್ಯ ಅವನ ಕೈಯನ್ನೇ ನೋಡಿದ. ಕೈಯಲ್ಲಿ ತೆಂಗಿನಕಾಯಿ. ಹುಚ್ಚೀರಯ್ಯ ಅದನ್ನು ಬೀಗರೂಟದ ಮೂಳೆ ನೋಡಿದ ಹಾಗೆಯೇ ನೋಡಿದ. ಆ ನೋಟ ಜವರಯ್ಯನಿಗೆ ಚೆನ್ನಾಗಿ ಗುರುತಿತ್ತು.

ಹಿತ್ತಿಲ ಬಾಗಿಲಲ್ಲಿ ದೇವಿರಮ್ಮ ಬೋಸಿ ಹಿಡಿದು ನಿಂತಿದ್ದಳು. ಅವಳ ಎದುರಿಗೆ ಬರಿಗೈಯಲ್ಲಿ ಬೋರಯ್ಯನ ಹೆಂಡತಿ ಅಂಕಮ್ಮ.

"ಏನಕ್ಕಾ ಬರೀ ಕೈಲಿ ಬಂದೆ?"

"ಏನ್ ಮಾಡ್ಲವ್ವ. ನಿಂಗೆ ಅಂತ ಇಟ್ಟಿದ್ ಗುಡ್ಡೇನ ನಿನ್ ಗಂಡಾನೇ ಊರ್ಗೆಲ್ಲಾ ಅಂಚ್ಬುಟ್ನಂತೆ."

ಒಳಗೆ ಬಂದ ಜವರಯ್ಯ ತೆಂಗಿನಕಾಯಿ ಕೆಳಗಿಟ್ಟ. ನಿಧಾನವಾಗಿ, ಒಂದೊಂದಾಗಿ ಸಂಗತಿ ಹೊರಬಂತು. ಆ ಎರಡನೇ ಗುಡ್ಡೆ ಯಾವತ್ತೂ ಬೋರಯ್ಯನ ಒಲೆ ಹತ್ತಿದ್ದಿಲ್ಲ. ಬಾಣಂತಿ ಇರುವ ಮನೆ, ಪಾಲಿನ ದುಡ್ಡು ಹೊಂದಿಸಲಾಗದ ಮನೆ, ದಿಢೀರನೆ ಬೀಗರು ಬಂದಿಳಿದ ಮನೆ, ಅಂಥ ಮನೆಗೆ ಅಂಕಮ್ಮ ಸೆರಗಿನ ಮರೆಯಲ್ಲಿ ಹಿತ್ತಿಲಿಂದ ತಲುಪಿಸುತ್ತಿದ್ದಳು. ನಾಲ್ಕು ಜನರ ಮುಂದೆ ಹೇಳಿದರೆ ಆ ಮನೆಗಳ ಮಾನ ಹೋಗುತ್ತದೆಂದು ಬೋರಯ್ಯ ಬಾಯಿ ಬಿಡುತ್ತಿರಲಿಲ್ಲ. ಊರ ಹೆಂಗಸರಿಗೆಲ್ಲ ಗೊತ್ತಿತ್ತು. ಗಂಡಸರು ತಣಿಗೆಯಲ್ಲಿ ಎರಡು ತುಂಡು ಹೆಚ್ಚು ಬಿದ್ದಾಗ ಎಲ್ಲಿಂದ ಅಂತ ಕೇಳದೆ ತಿಂದವರು.

"ಪಟ್ಟಲಮ್ಮ ಉಟ್ದಾಗ ನಂಗ್ ಬಾಣಂತಿ ಬಾಡು ಬಂದಿದ್ದೂ ಅದೇ ಗುಡ್ಡೇದು!" ದೇವಿರಮ್ಮನ ದನಿ ಏರಿತು. "ಅವತ್ತು ಅರ್ಧ ನೀವೇ ತಿಂದ್ರಿ! ನೆನ್ನೆ ರಾತ್ರಿ ಅಂಕಕ್ಕನ್ ತಾವ್ ಓಗಿ, ಅಕ್ಕಾ, ನಮ್ಮನೆ ಅಂಪೈರ್‌ಗೆ ನಾಳೆ ಏನೂ ದಕ್ಕಾಕಿಲ್ಲ, ನಿನ್ ಗುಡ್ಡೇನಾರಾ ನಂಗ್ ಕೊಡು ಅಂತ ಕೈ ಮುಗ್ದು ಬಂದಿದ್ದೆ. ಅದ್ನೂ ಔಟ್ ಮಾಡ್ಕಂಡ್ ಬಂದ್ರಲ್ಲಾ!"

"ನಂಗೇನ್ ಗೊತ್ತಮ್ಮಿ... ಒಂದ್ ಮಾತ್ ಏಳ್ಬಾರ್ದಾಗಿತ್ತಾ?"

"ಬಾಯ್ ಮುಚ್ಕಂಡು ಬನ್ನಿ ಅಂತ ಏಳ್ನಿಲ್ವಾ? ಅದ್ಕಿನ್ನ ಬಿಡ್ಸಿ ಎಂಗೇಳ್ಬೇಕು?"

ಉಳಿದದ್ದು ಒಂದೇ ದಾರಿ: ಹಿತ್ತಿಲಲ್ಲಿ ಒಂದು ಕೆಂಚು ಹುಂಜವಿತ್ತು. ಬೆಳಗಿನಿಂದ ಊರಲ್ಲಿ ನಡೆಯುತ್ತಿದ್ದುದನ್ನೆಲ್ಲ ನೋಡಿ ಅದು ಅನುಭವಸ್ಥನಾಗಿತ್ತು. ಜವರಯ್ಯ ಬಿಳಿ ಕೋಟಿನಲ್ಲೇ ಅದರ ಹಿಂದೆ ಬಿದ್ದ. ಹುಂಜ ತಿಪ್ಪೆ ಸುತ್ತಿತು, ಜವರಯ್ಯ ತಿಪ್ಪೆ ಸುತ್ತಿದ. ಹುಂಜ ಮುಂಬಾಗಿಲಿಗೆ ಓಡಿ ಗಾಡಿಯ ಕೆಳಗೆ ನುಗ್ಗಿತು, ಜವರಯ್ಯ ನುಗ್ಗಿ ಸಿಕ್ಕಿಹಾಕಿಕೊಂಡ. ಕೊನೆಗೆ ಹುಂಜ ಹೆಂಚಿನ ಮೇಲೆ ಹಾರಿ ನಿಂತು ಕೂಗಿತು.

ಜಗುಲಿಯಿಂದ ಇದನ್ನೆಲ್ಲ ನೋಡುತ್ತಿದ್ದ ಹುಚ್ಚೀರಯ್ಯ ಸೊಸೆಯನ್ನು ಕೇಳಿದ: "ನಿಮ್ಮಪ್ಪ ಏನವ್ವ ಮಾಡ್ತಾವ್ರೆ?"

ಪಟ್ಟಲಮ್ಮ ತಲೆ ತಗ್ಗಿಸಿ ಹೇಳಿದಳು: "ಕಿರಿಕೆಟ್ಟು ಮಾವ."

ಗಾಡಿಯ ಕೆಳಗಿನಿಂದ ಜವರಯ್ಯನಿಗೆ ಮಗಳ ಮುಖ ಕಂಡಿತು. ಅವಳು ಕಣ್ಣು ಒರೆಸಿಕೊಂಡದ್ದೂ ಕಂಡಿತು. ಆಗ ಮಾತ್ರ ಅವನು ಹುಂಜವನ್ನು ಮರೆತ. ನವಾಬರು, ಲಂಡನ್ನು, ಆಸ್ಟ್ರೇಲಿಯಾ ಎಲ್ಲ ಹಾಳಾಗಿ ಹೋಗಲಿ, ಈ ಹುಡುಗಿಯ ತಟ್ಟೆಗೆ ಒಂದು ತುಂಡು ಹುಟ್ಟಿಸಲಿಲ್ಲವಲ್ಲ ನಾನು ಅಂದುಕೊಂಡ.

ಅಷ್ಟರಲ್ಲಿ ಬೀದಿಯ ಕಡೆಯಿಂದ ಬೋರಯ್ಯ ಬಂದ. ಕೈಯಲ್ಲಿ ಬಾಳೆಲೆ ಮುಚ್ಚಿದ ಬುಟ್ಟಿ. ನೇರ ಒಳಗೆ ಹೋಗಿ ಅಡುಗೆ ಮನೆಯ ಹೊಸಿಲ ಮೇಲಿಟ್ಟ. ಅವನ ಸ್ವಂತ ಗುಡ್ಡೆ, ಗಂಟು ಬಿಚ್ಚದೆ ಹಾಗೇ ಇತ್ತು.

"ಬೋರಣ್ಣ, ನಿಮ್ಮನೇಗೆ?" ಎಂದ ಜವರಯ್ಯ, ಗಾಡಿಯ ಕೆಳಗಿನಿಂದ ಎದ್ದು ಬರುತ್ತ.

"ನಾವೂ ಇಲ್ಲೇ ಉಣ್ತೀವಿ ಕಣ್ಲಾ. ಊರ್ ಬೀಗ್ರು ಅಂದ್ರೆ ನಮ್ಗೂ ಬೀಗ್ರೇಯಾ. ಓಗು, ಕೋಟ್ ಬಿಚ್ಚು ಮದ್ಲು. ಎತ್ತು ಬೆದರ್ತವೆ."

ಅಂಕಮ್ಮನೂ ದೇವಿರಮ್ಮನೂ ಸೇರಿ ಒಲೆ ಹಚ್ಚಿದರು. ಬಾಡಿನೆಸರು ಕುದಿಯುವ ವಾಸನೆಗೆ ಹೆಂಚಿನ ಮೇಲಿದ್ದ ಹುಂಜ ಕೂಡ ನಿಶ್ಚಿಂತೆಯಿಂದ ಕೆಳಗಿಳಿಯಿತು.

ಎಲ್ಲರೂ ಸಾಲಾಗಿ ಕೂತರು. ದೇವಿರಮ್ಮ ಮೊದಲು ಬೀಗರಿಗೆ ಬಡಿಸಿದಳು. ಈಲಿ, ತೊಡೆ, ಪಕ್ಕೆ. ಮುದ್ದೆ ಕಾಣಲಿಲ್ಲ, ಮೂಳೆ ಕಾಣಲಿಲ್ಲ. ಆಮೇಲೆ ಅಳಿಯನಿಗೆ, ಮಗಳಿಗೆ, ಬೋರಯ್ಯನಿಗೆ. ಕೊನೆಗೆ ಗಂಡನ ಮುಂದೆ ಬಂದು ಮುದ್ದೆಯಿಟ್ಟು ಒಂದು ಸೌಟು ಎಸರು ಬಿಟ್ಟಳು. ಜವರಯ್ಯ ಬೆರಳಿನಿಂದ ಎಸರಿನ ಆಳವನ್ನೆಲ್ಲ ಶೋಧಿಸಿದ. ಎರಡು ಬೆಳ್ಳುಳ್ಳಿ ಎಸಳು ಸಿಕ್ಕವು.

"ಅಮ್ಮಿ, ಒಂದ್ ಚೂರು..." ಎಂದ ಮೆಲ್ಲಗೆ.

"ಪಾಲಿರ್ಬಾರ್ದು," ಎಂದಳು ದೇವಿರಮ್ಮ ಅದಕ್ಕಿಂತ ಮೆಲ್ಲಗೆ.

ಹುಚ್ಚೀರಯ್ಯ ತೊಡೆಯ ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದ. ಅಗಿದ. ನುಂಗಿದ. "ಇದು ನಮ್ಮೂರ್ ಟಗ್ರೇಯಾ. ಬೆಟ್ಟದ್ ತಪ್ಲಲ್ ಮೇದಿರೋದು," ಎಂದು ಕಣ್ಣು ತೆರೆದ. "ಬೀಗಿತ್ತೀ, ಬಾಡು ಅಂದ್ರೆ ಇದು." ಪಟ್ಟಲಮ್ಮನ ಮುಖ ಅರಳಿತು. ದೇವಿರಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡು ಇನ್ನೆರಡು ತುಂಡು ಬಡಿಸಿದಳು.

ಆಮೇಲೆ ಹುಚ್ಚೀರಯ್ಯನ ಕಣ್ಣು ಬೀಗನ ತಟ್ಟೆಯ ಮೇಲೆ ಬಿತ್ತು. "ಇದೇನ್ ಬೀಗ್ರೇ, ನಿಮ್ ತಣಿಗೇಲಿ ಒಂದ್ ಚೂರೂ ಇಲ್ವಲ್ಲ?"

ಬೋರಯ್ಯ ಕೆಮ್ಮಿದ. "ಅವ್ನು ಅಂಪೈರು ಬೀಗ್ರೇ. ಊರ್ಗೆಲ್ಲಾ ಸಮುಕ್ ಸಮ ಗುಡ್ಡೆ ಆಕಿ, ತನ್ಗೆ ಒಂದ್ ಚೂರೂ ಇಟ್ಕಳ್ನಿಲ್ಲ. ತತ್ವ ಅಂತೆ."

ಹುಚ್ಚೀರಯ್ಯ ಅಗಿಯುವುದನ್ನು ನಿಲ್ಲಿಸಿದ. ಅವನ ಕಣ್ಣಲ್ಲಿ ನೀರಾಡಿತು. "ಸಿವನೇ! ಇಂತಾ ಮನುಸ್ಯರೂ ಅವ್ರಾ? ನಮ್ಮೂರ್ನಲ್ಲಿ ಗುಡ್ಡೆ ತಾವ ವರ್ಸಾ ವರ್ಸಾ ತಲೆ ಒಡ್ಕತಾರೆ. ನಂಗೊತ್ತಿರ್ಲಿಲ್ಲ ಬೀಗ್ರೇ, ನಿಮ್ನ ತಪ್ ತಿಳ್ಕಂಡಿದ್ದೆ." ಎಂಜಲು ಕೈಯಲ್ಲೇ ಕೈ ಮುಗಿದ. "ಬರೋ ಒಸ್ತೊಡ್ಕಿಗೆ ನೀವು ಬಂಡೂರ್ಗ್ ಬರ್ಬೇಕು. ಅಲ್ಲಿ ಒಂದಲ್ಲ, ನಾಕ್ ಟಗರು ಕಡೀತೀವಿ. ನಾಕ್ಕೂ ನೀವೇ ಅಂಪೈರು! ಇದೇ ತತ್ವ ನಡೆಸ್ಬೇಕು!"

ಜವರಯ್ಯನ ಕಣ್ಣ ಮುಂದೆ ಬಂಡೂರಿನ ನಾಲ್ಕು ಟಗರುಗಳು ಸಾಲಾಗಿ ಬಂದು, ತಾಂಬೂಲ ಕೊಟ್ಟು, ನಮಸ್ಕಾರ ಮಾಡಿ ಹೋದವು.

ಜೂನ್ ತಿಂಗಳು. ನಮ್ಮವರು ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟನ್ನೇ ಸೋತ ಸುದ್ದಿ ವಡೆಯ ಕಾಗದದಲ್ಲಿ ಯಲಿಯೂರು ಸ್ಟೇಷನ್ನಿಗೆ ಬಂತು. ಆ ಹೊತ್ತಿಗೆ ಬೆಂಚಿನ ಸುತ್ತ ಜವರಯ್ಯನ ಶಿಷ್ಯರ ಪಡೆಯೇ ಬೆಳೆದಿತ್ತು. ಎಲ್ಲರೂ ಅವನು ಕಲಿಸಿದ್ದನ್ನೇ ಕೂಗಿದರು: ಅವರೂರಿನ ಆಟ, ಅವರೂರಿನ ಅಂಪೈರು, ಮೋಸ! ರೇವಣ್ಣ ಬುಟ್ಟಿ ಕೆಳಗಿಟ್ಟು ಹಲ್ಲು ಕಡಿದ. "ಏಳು ಜವರಣ್ಣ, ಆ ಅಂಪೈರ್ ನನ್ಮಗನ್ಗೆ ಏನ್ ಮಾಡ್ಬೇಕು?"

ಜವರಯ್ಯ ಕಾಗದವನ್ನು ಮಡಿಚಿ ಜೇಬಿಗಿಟ್ಟುಕೊಂಡ. ದೂರದಲ್ಲಿ ರೈಲು ಕೂಗಿತು.

"ಬೈಬ್ಯಾಡ್ರಪ್ಪಾ," ಎಂದ. "ಆವಯ್ಯ ಪಾಪ, ಮನೇಲಿ ಉಂಡಿದ್ನೋ ಇಲ್ವೋ, ಮದ್ಲು ಅದ್ ಕೇಳಿ."